ಅವ್ವನಿಗೊಂದು ಮುಂದಿನ ಸೀಟು

‘ಒರಿಜಿನಲ್’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ನನ್ನ ಬುದ್ಧಿ ಅರ್ಧ ದಿನ ರಜೆ ಹಾಕಿಬಿಡುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇದು ನನ್ನೊಬ್ಬಳ ಕಾಯಿಲೆ ಎನ್ನಬೇಡಿ, ನಮ್ಮೂರಿನದೇ ಕಾಯಿಲೆ. ಮೈಸೂರಿನಲ್ಲಿ ಹುಟ್ಟಿದವರಿಗೆ ಮೈಸೂರು ಪಾಕು ಒರಿಜಿನಲ್ ಆಗಿರಬೇಕು, ರೇಷ್ಮೆ ಸೀರೆ ಒರಿಜಿನಲ್ ಆಗಿರಬೇಕು, ಬದನೆಕಾಯಿ ಈರನಗೆರೆಯದೇ ಆಗಿರಬೇಕು. ಈರನಗೆರೆಯಲ್ಲಿ ಈಗ ಬದನೆ ಗಿಡ ನೆಡಲು ಒಂದು ಮೊಳ ಜಾಗವಾದರೂ ಉಳಿದಿದೆಯೇ ಎಂದು ಕೇಳುವುದು ನಮ್ಮಲ್ಲಿ ಒಳ್ಳೆಯ ನಡತೆಯಲ್ಲ. ಒಮ್ಮೆ ಮಾರುಕಟ್ಟೆಯಲ್ಲಿ ಇದೇ ವಿಷಯಕ್ಕೆ ಕಾಲು ಗಂಟೆ ವಾದ ಹೂಡಿದಾಗ, ಮಾರುತ್ತಿದ್ದ ಹೆಂಗಸು “ಒರಿಜಿನಲ್ಲೇ ಕಣಕ್ಕ, ಗಿಡದಿಂದ್ಲೇ ಕಿತ್ತಿದ್ದು” ಎಂದಳು. ನಾನು ಸಮಾಧಾನಪಟ್ಟು ಒಂದು ಕೆ.ಜಿ. ತಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದ ಮೇಲೆ ಈ ಕಾಯಿಲೆ ಇನ್ನಷ್ಟು ಬಲಿತಿದೆ. ನನ್ನ ಭಾಷಣ ಕೇಳಲು ಈಗ ಉಳಿದಿರುವವರು ನಮ್ಮ ಯಜಮಾನರೊಬ್ಬರೇ. ಅವರು ಪೇಪರಿನಿಂದ ತಲೆಯನ್ನೂ ಎತ್ತದೆ, “ಮುಂದಿನ ಎರಡು ಹಲ್ಲು, ಕೂದಲಿನ ಬಣ್ಣ, ಎಡಗಣ್ಣಿನ ಲೆನ್ಸು, ಇಷ್ಟು ಬಿಟ್ರೆ ನೀನೂ ಒರಿಜಿನಲ್ಲೇ ಬಿಡು” ಎನ್ನುತ್ತಾರೆ.

ಇಂಥ ನಾನು ಹೋದ ವರ್ಷ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಳ್ಳಲು ಹೊರಟೆ. ಷೋಕಿಗಲ್ಲ, ನಮ್ಮವ್ವನಿಗಾಗಿ. ಅವ್ವನಿಗೆ ಎಂಬತ್ತೆರಡು ವರ್ಷ, ಹೂಟಗಳ್ಳಿಯ ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಮಂಡಿ ಕೈಕೊಟ್ಟಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಮ್ಮ ಈಗಿನ ಪುಟ್ಟ ಕಾರಿಗೆ ಅವಳನ್ನು ಹತ್ತಿಸುವುದೆಂದರೆ ಮೊದಲು ತಲೆ ತಗ್ಗಿಸಬೇಕು, ಆಮೇಲೆ ಸೊಂಟ, ಕೊನೆಗೆ ಕಾಲುಗಳನ್ನು ನಾನು ಹೊರಗಿನಿಂದ ಎತ್ತಿ ಒಳಗಿಡಬೇಕು. “ಕಾರಾ ಇದು? ಹುತ್ತದೊಳಕ್ಕೆ ನುಗ್ಗಿದಂಗಾಯ್ತದೆ” ಎಂದು ಪ್ರತಿ ಸಲ ಬೈಯುತ್ತಾಳೆ. ಒಂದು ದಿನ ನಂಜನಗೂಡಿಗೆ ಹೋಗೋಣವೇ ಎಂದು ಕೇಳಿದಾಗ, “ನಿಮ್ಮಪ್ಪನ ಕಾರಿನಂತದ್ದು ಎಲ್ಲಾದ್ರೂ ಸಿಕ್ಕಿದ್ರೆ ಹೇಳು ಕಣವ್ವ, ಮುಂದ್ಗಡೆ ಸೀಟಲ್ಲಿ ಕೂತ್ಕಂಡು ಒಂದ್ಸಲ ಹೋಗ್ಬುಟ್ಟು ಬರಣ” ಎಂದಳು.

ಅಪ್ಪ ರೈಲ್ವೆ ಸ್ಟೇಷನ್ನಿನ ಮುಂದೆ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ನಾನು ಕಾರು ಕಲಿತದ್ದೂ ಅದರಲ್ಲೇ, ದೊಡ್ಡಕೆರೆ ಮೈದಾನದಲ್ಲಿ, ಜಡೆ ಹಾಕುತ್ತಿದ್ದ ಕಾಲದಲ್ಲಿ. ಅಪ್ಪ ವಾರಕ್ಕೆರಡು ಸಲ ನಂಜನಗೂಡಿಗೆ ಹೋಗುತ್ತಿದ್ದರು, ಆದರೆ ಊರಿನವರನ್ನೆಲ್ಲ ಕರೆದುಕೊಂಡು. ಅವ್ವ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ನಾಲ್ವರು, ಮುಂದೆ ಅಪ್ಪನ ಪಕ್ಕದಲ್ಲಿ ಇಬ್ಬರು ಸವಾರಿಯವರು ಇದ್ದೇ ಇರುತ್ತಿದ್ದರು. ‘ಬರೋ ವಾರ ಕರ್ಕೊಂಡು ಹೋಗ್ತೀನಿ’ ಎಂಬ ಅಪ್ಪನ ಮಾತು ವರ್ಷಗಟ್ಟಲೆ ಬರುವ ವಾರದಲ್ಲೇ ಉಳಿಯಿತು. ನನ್ನ ಮದುವೆಗೆ ಮಾತ್ರ ಅವ್ವ ಆ ಕಾರು ಹತ್ತಿದ್ದಳು. ಅದೂ ಹಿಂದಿನ ಸೀಟಿನಲ್ಲಿ, ಮೂವರು ಚಿಕ್ಕಮ್ಮಂದಿರ ನಡುವೆ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು. ಅಪ್ಪನ ಕೈ ಸೋತಾಗ ಕಾರು ಗುಜರಿಗೆ ಹೋಯಿತು, ಕೆಲವು ವರ್ಷಗಳಾದ ಮೇಲೆ ಅಪ್ಪನೂ ಹೋದರು. ಮುಂದಿನ ಸೀಟು ಹಾಗೇ ಬಾಕಿ ಉಳಿಯಿತು. ಅವ್ವ ಅಷ್ಟು ಹೇಳಿದ ಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ.

ವಿಚಾರಿಸುತ್ತ ಹೋದಾಗ ಎರಡು ಕಾರುಗಳ ಸುಳಿವು ಸಿಕ್ಕಿತು. ಮೊದಲನೆಯದು ಕೆಸರೆಯ ಮೆಕ್ಯಾನಿಕ್ ಮಾದೇಶನದು. ಅವನು ಅದನ್ನು ತೋರಿಸಲು ತಾನೇ ನಮ್ಮ ಮನೆಗೆ ಓಡಿಸಿಕೊಂಡು ಬಂದ. ಕಾರು ಬರುವ ಮೊದಲು ಸದ್ದು ಬಂತು, ಡಗಡಗ ಡಗಡಗ ಎಂದು. ಅದರ ಹಿಂದೆಯೇ ಆಕಾಶನೀಲಿ ಬಣ್ಣದ, ಅಗಲ ಚಕ್ರದ ಅಂಬಾಸಿಡರೊಂದು ತಿರುವಿನಲ್ಲಿ ಕಾಣಿಸಿತು. ಡೀಸೆಲ್ ಎಂಜಿನ್ ಬೇರೆ ಗಾಡಿಯದು, ಪವರ್ ಸ್ಟೀರಿಂಗ್ ಇನ್ನೊಂದರದು, ಎ.ಸಿ. ಮತ್ತೊಂದರದು. “ಒಂದೇ ಬೆರಳಲ್ಲಿ ತಿರುಗ್ಸ್‌ಬೋದು ಟೀಚ್ರೇ” ಎಂದು ಮಾದೇಶ ತಿರುಗಿಸಿಯೂ ತೋರಿಸಿದ. ನಾನು ಸೊಂಟದ ಮೇಲೆ ಕೈಯಿಟ್ಟು, “ಇದು ಕಾರಲ್ಲಪ್ಪ, ಟ್ರ್ಯಾಕ್ಟರಿಗೆ ಸೀರೆ ಉಡಿಸಿದ್ದೀಯ” ಎಂದೆ. ಅಪ್ಪನ ಕಾರೂ ಸದ್ದು ಮಾಡುತ್ತಿತ್ತು, ನಿಜ. ಆದರೆ ಅದು ದುಡಿದು ದಣಿದ ಕಾರಿನ ಸದ್ದು ಎಂದು ನಾನು ಚಿಕ್ಕಂದಿನಲ್ಲೇ ತೀರ್ಮಾನಿಸಿದ್ದೆ. ಮಾದೇಶ ಬೇಸರ ಮಾಡಿಕೊಳ್ಳಲಿಲ್ಲ. “ನಿಮ್ಗೆಂಗೆ ಬೇಕೋ ಅಂಗೇ ನೋಡಿ. ಇದು ಎಲ್ಲೂ ಓಗಲ್ಲ, ಇಲ್ಲೇ ಇರ್ತದೆ” ಎಂದು ಹೊರಟ. ಈ ಗಲಾಟೆಯಲ್ಲಿ ಇನ್ನೊಂದು ಸಂಗತಿ ನಡೆಯಿತು, ನಾನದಕ್ಕೆ ಗಮನ ಕೊಡಲಿಲ್ಲ. ಒಳಗೆ ಮಲಗಿದ್ದ ಅವ್ವ ಎದ್ದು, ಕೋಲನ್ನೂ ಹಿಡಿಯದೆ ಅಡುಗೆಮನೆಗೆ ಹೋಗಿ ಸಾರು ಬಿಸಿಗಿಟ್ಟಿದ್ದಳು. ಬೆಳಗ್ಗೆ ಹನ್ನೊಂದು ಗಂಟೆಗೆ ಯಾರಿಗಮ್ಮ ಸಾರು ಎಂದು ನಾನು ಗದರಿದಾಗ, ತನಗೇ ಗೊತ್ತಿಲ್ಲದವಳಂತೆ ಒಲೆ ಆರಿಸಿದಳು.

“ಕೆಸರೆಯದನ್ನೇ ತಗೋ. ನಿನ್ನ ನೋಯೋ ಭುಜಕ್ಕೆ ಆ ಸ್ಟೀರಿಂಗೇ ಸರಿ” ಎಂದು ಯಜಮಾನರು ಹೇಳಿದರು. ಅವರು ಯಾವಾಗಲೂ ನನ್ನ ಭುಜದ ಪರ. “ನಮ್ಮಪ್ಪನ ಕಾರು ಒರಿಜಿನಲ್ ಆಗಿತ್ತು ಕಣ್ರೀ. ಅವ್ವನಿಗೆ ಅದೇ ಸಿಗಬೇಕು, ಕಲಬೆರಕೆ ಅಲ್ಲ” ಎಂದು ನಾನು ಭಾಷಣ ಶುರುಮಾಡಿದೆ. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಎರಡನೆಯ ಕಾರು ನಜರ್‌ಬಾದಿನ ಶ್ರೀಕಂಠಯ್ಯನವರ ಶೆಡ್ಡಿನಲ್ಲಿತ್ತು. ಅವರು ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾದ ಹಿರಿಯರು. ಬಿಳಿ ಬಟ್ಟೆಯ ಮುಸುಕು ತೆಗೆದಾಗ ನನ್ನ ಕಣ್ಣು ತುಂಬಿತು. ಹಾಲುಕೆನೆಯ ಬಣ್ಣ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಇಡೀ ಅಗಲಕ್ಕೆ ಒಂದೇ ಉದ್ದ ಸೀಟು, ಅದೇ ಹಳೆಯ ರೆಕ್ಸಿನ್ ವಾಸನೆ. “ನೋಡಿ ತಾಯಿ, ಕಂಪನಿಯಿಂದ ಬಂದದ್ದು ಬಿಟ್ಟರೆ ಇದರಲ್ಲಿರೋದು ಪೆಟ್ರೋಲು, ಗಾಳಿ ಎರಡೇ” ಎಂದರು. ಟೈರು ಬದಲಾಯಿಸಬೇಕಾಗಿ ಬಂದದ್ದನ್ನು ಮಾತ್ರ ದನಿ ತಗ್ಗಿಸಿ, ಮನೆಯಲ್ಲಿ ನಡೆಯಬಾರದ್ದು ನಡೆದಂತೆ ಹೇಳಿದರು. ಆಮೇಲೆ ನನ್ನ ಪರೀಕ್ಷೆ ಆರಂಭವಾಯಿತು. ಮಳೆಯಲ್ಲಿ ತೆಗೆಯುತ್ತೀರಾ? ಇಲ್ಲ ಸರ್. ಯಾರಿಗಾದರೂ ಓಡಿಸಲು ಕೊಡುತ್ತೀರಾ? ಇಲ್ಲ ಸರ್. ಸ್ಟೀರಿಂಗಿನ ಮುಂದೆ ಗಣಪತಿ ಅಂಟಿಸುತ್ತೀರಾ? ಇಲ್ಲಿ ನಾನು ತಡವರಿಸಿದೆ. “ಗಣಪತಿಯೂ ಬೇಡ್ವಾ ಸರ್?” “ಗೋಂದು ಬೇಡ ತಾಯಿ. ಗಣಪತಿ ಮನಸ್ಸಿನಲ್ಲಿರಲಿ.” ಕಡೆಗೆ ಬಾನೆಟ್ಟಿನ ಮೇಲೆ ಎಲೆ ಅಡಿಕೆಯ ತಟ್ಟೆ ಇಟ್ಟು, ಒಂದು ಸ್ಕ್ರೂವನ್ನೂ ಬದಲಾಯಿಸುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡರು. ತಿಂಗಳಿಗೊಂದು ಭಾನುವಾರ ಬಂದು ನೋಡಿಹೋಗುವ ಹಕ್ಕನ್ನೂ ಪಡೆದರು. ನಾನು ಎಲೆ ಮುಟ್ಟಿ ಒಪ್ಪಿಕೊಂಡೆ. ಆ ಹೊತ್ತಿನಲ್ಲಿ ಕೇಳಿದ್ದರೆ ಏನು ಬೇಕಾದರೂ ಒಪ್ಪಿಕೊಳ್ಳುತ್ತಿದ್ದೆ.

ಕಾರು ಮನೆಗೆ ಬಂತು. ನಜರ್‌ಬಾದಿನಿಂದ ಹೂಟಗಳ್ಳಿಯವರೆಗೆ ಆ ಸ್ಟೀರಿಂಗನ್ನು ತಿರುಗಿಸಿದ ನಾನು ಮೂರು ದಿನ ಭುಜಕ್ಕೆ ಮುಲಾಮು ಹಚ್ಚಿಕೊಂಡೆ. ಯಜಮಾನರು ಮುಲಾಮಿನ ಡಬ್ಬಿಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು. ನಾಲ್ಕನೆಯ ದಿನ ಪೂಜೆ ಮಾಡಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ನಂಜನಗೂಡಿಗೆ ಹೋಗುವ ಮುನ್ನ ಬಡಾವಣೆಯಲ್ಲೇ ಒಂದು ಸುತ್ತು ಹಾಕೋಣವೆಂದು ಅವ್ವನನ್ನು ಕೂರಿಸಿದೆ. ಬಾಗಿಲು ಅಗಲ, ಸೀಟು ಎತ್ತರ. ಅವ್ವ ಸೆರಗು ಸರಿಮಾಡಿಕೊಂಡು ಮನೆಯ ಕಟ್ಟೆಯ ಮೇಲೆ ಕೂತಷ್ಟು ಸಲೀಸಾಗಿ ಕೂತಳು. ಮುಂದಿನ ಸೀಟು. ಎರಡು ಬೀದಿ ದಾಟಿದ ಮೇಲೆ ಅವ್ವ ನನ್ನ ಕಡೆ ತಿರುಗಿ, “ಸ್ಟಾರ್ಟ್ ಮಾಡವ್ವ” ಎಂದಳು.

“ಮಾಡಿದೀನಲ್ಲ ಅವ್ವ, ಹೋಗ್ತಾ ಇದೆ.”

“ಸದ್ದೇ ಇಲ್ವಲ್ಲ?”

“ಒರಿಜಿನಲ್ ಎಂಜಿನ್ನು. ಅಪ್ಪನ ಕಾರಿನ ಥರದ್ದೇ” ಎಂದೆ, ಶ್ರೀಕಂಠಯ್ಯನವರ ದನಿಯಲ್ಲಿ.

ಅವ್ವ ನಕ್ಕುಬಿಟ್ಟಳು. “ಯಾರೇ ನಿಂಗೇಳಿದ್ದು? ಪೆಟ್ರೋಲು ಕುಡ್ದು ಕುಡ್ದು ಮನೆ ತೊಳಿತದೆ ಅಂತ, ನೀನು ಎರಡ್ನೇ ಕ್ಲಾಸಲ್ಲಿದ್ದಾಗ್ಲೇ ಆ ಎಂಜಿನ್ನ ಕಿತ್ತಾಕ್ಸಿ ಯಾವ್ದೋ ವ್ಯಾನಿನ ಡೀಸೆಲ್ ಎಂಜಿನ್ ಕೂರ್ಸಿದ್ರು ನಿಮ್ಮಪ್ಪ. ಹಾರನ್ನು ಲಾರೀದು. ಸೀಟಿನ ಬಟ್ಟೆ ನಮ್ಮನೆ ಪರದೇದು, ನಾನೇ ಹೊಲ್ದು ಕೊಟ್ಟಿದ್ದೆ. ಮೂರು ಬೀದಿ ಆಚೆ ಡಗಡಗ ಅಂತ ಸದ್ದು ಬಂದ್ರೆ ಬಂದ್ರು ಅಂತ ಗೊತ್ತಾಗೋದು. ಎದ್ದು ಸಾರು ಬಿಸಿಗೆ ಮಡಗ್ತಿದ್ದೆ.” ಆಮೇಲೆ ನನ್ನ ಮುಖ ನೋಡಿ, “ಇದೂ ಚೆನ್ನಾಗದೆ ಬುಡು” ಎಂದು ಸೇರಿಸಿದಳು.

ಕಾರು ನಿಲ್ಲಿಸಿದೆ. ಮಾದೇಶ ಬಂದ ದಿನ ಹನ್ನೊಂದು ಗಂಟೆಗೆ ಒಲೆಯ ಮೇಲೇರಿದ್ದ ಸಾರು ಆಗ ನೆನಪಾಯಿತು. ಅಪ್ಪ ಬಂದರು ಎಂದು ಅವಳ ಕಾಲುಗಳು ತಾವೇ ಎದ್ದು ಹೋಗಿದ್ದವು, ನಾನು ಗದರಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದ ನನಗೆ ನಮ್ಮ ಮನೆಯ ಕಾರಿನ ಇತಿಹಾಸವೇ ಗೊತ್ತಿರಲಿಲ್ಲ. ಇತ್ತ ನೋಡಿದರೆ ಶ್ರೀಕಂಠಯ್ಯನವರಿಗೆ ಎಲೆ ಮುಟ್ಟಿ ಮಾತು ಕೊಟ್ಟಾಗಿದೆ, ಇದರ ಎಂಜಿನ್ನಿಗೆ ಕೈ ಹಾಕುವಂತಿಲ್ಲ. ಸಂಜೆ ಮಾನ ಬಿಟ್ಟು ಮಾದೇಶನಿಗೆ ಫೋನು ಮಾಡಿ, ಒಂದು ದಿನದ ಮಟ್ಟಿಗೆ ನಿನ್ನ ಕಾರು ಕೊಡುತ್ತೀಯಾ ಎಂದು ಕೇಳಿದೆ.

“ಯಾವ್ದು ಟೀಚ್ರೇ, ಸೀರೆ ಉಟ್ಟಿರೋ ಟ್ರ್ಯಾಕ್ಟ್ರಾ?” ಎಂದ. ನಾನು ಹೌದೆಂದೆ. “ತಗಂಡೋಗಿ, ಅದ್ಕೇನಂತೆ” ಎಂದು ನಕ್ಕ.

ಭಾನುವಾರ ಬೆಳಗ್ಗೆ ಹೊರಟೆವು. ಹೊರಡುವ ಮುನ್ನ ಅವ್ವ ಅಳಿಯನನ್ನು ಕರೆದು, “ಸದ್ದು ಕೇಳುಸ್ತಿದ್ದಂಗೆ ಸಾರು ಬಿಸಿಗೆ ಮಡಗ್ಬುಡಿ” ಎಂದು ಹೇಳಿದ್ದಳು. ದಾರಿಯುದ್ದಕ್ಕೂ ಡಗಡಗ. ಅವ್ವ ಒಂದು ಕೈಯನ್ನು ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಊರಿಕೊಂಡು, ಆ ಅದುರನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಕಪಿಲಾ ಸೇತುವೆಯ ಮೇಲೆ ಬಂದಾಗ, “ಮುಂದ್ಗಡೆ ಕೂತ್ರೆ ಎಲ್ಲಾನೂ ಮೊದ್ಲೇ ಕಾಣ್ತದಲ್ವೇ. ಇಷ್ಟು ದಿನ ನಿಮ್ಮಪ್ಪ ಒಬ್ರೇ ನೋಡ್ಕಂಡ್ಬುಟ್ರು” ಎಂದಳು. ನಾನು ಬಿಸಿಲಿನ ನೆಪದಲ್ಲಿ ಕಣ್ಣೊರೆಸಿಕೊಂಡೆ. ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗುತ್ತಿತ್ತು, ಎ.ಸಿ. ತಣ್ಣಗಿತ್ತು. ಇವೆರಡೂ ಅಪ್ಪನ ಕಾರಿನಲ್ಲಿ ಇರಲಿಲ್ಲ ಎಂಬುದು ಗೊತ್ತಿದ್ದರೂ ನಾನು ಭಾಷಣ ಮಾಡಲಿಲ್ಲ.

ಮಧ್ಯಾಹ್ನ ಮನೆಗೆ ಬಂದರೆ ಜಗಲಿಯಲ್ಲಿ ಶ್ರೀಕಂಠಯ್ಯನವರು ಕೂತಿದ್ದಾರೆ! ಅದು ಅವರ ಭಾನುವಾರವೆಂಬುದು ನನಗೆ ಮರೆತೇಹೋಗಿತ್ತು. ಅವರ ಕಾರು ಮುಸುಕಿನೊಳಗೆ ಕ್ಷೇಮವಾಗಿತ್ತು. ಆದರೆ ಅವರ ಕಣ್ಣು ನೀಲಿ ಬಣ್ಣದ ಮೇಲೆ, ಅಗಲ ಚಕ್ರಗಳ ಮೇಲೆ ನಿಂತಿತ್ತು. “ಏನು ತಾಯಿ ಇದು?” ಎಂದು ಕೇಳಿದರು.

“ನಮ್ಮಪ್ಪನ ಕಾರು ಹೀಗೇ ಇತ್ತು ಸರ್. ನಮ್ಮನೆಗೆ ಇದೇ ಒರಿಜಿನಲ್” ಎಂದೆ.

ಅವರು ಬೇರೆ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಯಜಮಾನರು ಸೌಟು ಹಿಡಿದು ಬಾಗಿಲಿಗೆ ಬಂದು, “ಊಟಕ್ಕೆ ಏಳಿ ಸರ್, ಸಾರು ಬಿಸಿಯಾಗಿದೆ” ಎಂದರು. ಎಲ್ಲರೂ ಒಟ್ಟಿಗೆ ಕೂತೆವು. ಎರಡು ತುತ್ತು ಉಂಡ ಮೇಲೆ ಶ್ರೀಕಂಠಯ್ಯನವರ ಮುಖ ಸಡಿಲಿತು. ಸಾರಿನಲ್ಲಿದ್ದ ಬದನೆಕಾಯಿ ಹೋಳನ್ನು ಬೆರಳಲ್ಲಿ ಹಿಡಿದು, “ಈರನಗೆರೆಯದೇ ತಾನೇ?” ಎಂದು ಕೇಳಿದರು. ಅದನ್ನು ನಾನು ಹಿಂದಿನ ದಿನ ನಮ್ಮ ಬೀದಿಯ ತಳ್ಳುಗಾಡಿಯವನ ಹತ್ತಿರ ಕೊಂಡಿದ್ದೆ, ಎಲ್ಲಿಯದೆಂದು ಅವನನ್ನು ಕೇಳಿರಲೂ ಇಲ್ಲ.

“ಒರಿಜಿನಲ್ಲೇ ಸರ್, ಗಿಡದಿಂದಲೇ ಕಿತ್ತಿದ್ದು” ಎಂದು ಇನ್ನೊಂದು ಸೌಟು ಬಡಿಸಿದೆ.