ಆರ್ಕಿಡ್‌ಗೆ ಅಭಿಷೇಕ

ನನಗೆ ಬಿಡುವು ಒಗ್ಗುವುದಿಲ್ಲ. ಕೈ ಖಾಲಿಯಿದ್ದರೆ ಏನನ್ನಾದರೂ ಉದ್ಧಾರ ಮಾಡಲು ಹೊರಡುತ್ತೇನೆ, ಅದು ಹಾಳಾಗುತ್ತದೆ. ತೆಲಂಗಾಣ ಚಳವಳಿಯ ದಿನಗಳಲ್ಲಿ ಜಹೀರಾಬಾದಿನ ನಮ್ಮ ಕಚೇರಿಗೆ ಮುಷ್ಕರದ ಬೀಗ ಬಿದ್ದಾಗ ಹಾಗೆ ನನ್ನ ಕೈಗೆ ಸಿಕ್ಕಿದ್ದು ಹೆಂಡತಿ ನೀಲಮ್ಮನ ಆರ್ಕಿಡ್ ಗಿಡ. ಹೈದರಾಬಾದಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಅದಕ್ಕೆ ಗಾಳಿ ಬೇಕೆಂದು ನನ್ನ ಕಿಟಕಿಯ ಸೀಟನ್ನೂ ಕಿತ್ತುಕೊಂಡಿದ್ದಳು. ಎರಡು ದಿನಕ್ಕೆಂದು ತವರೂರು ತಾಂಡೂರಿಗೆ ಹೋದವಳು, ಬಸ್ಸು ರೈಲು ಎಲ್ಲ ನಿಂತು ಅಲ್ಲೇ ಉಳಿದಳು.

ಕಚೇರಿಯ ಗಡಿಬಿಡಿಯಲ್ಲಿ ಎರಡು ನಿಮಿಷಕ್ಕೆ ಮುಗಿಯುತ್ತಿದ್ದ ನನ್ನ ಲಿಂಗಪೂಜೆ ಈಗ ದಿನಕ್ಕೆರಡು ಸಲ, ಸಾವಕಾಶವಾಗಿ ನಡೆಯತೊಡಗಿತು. ಪೂಜೆಯ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು ಎಂದು ಅವ್ವ ಕಲಿಸಿದ್ದಳು. ನಮ್ಮ ಬಾಡಿಗೆಯ ಮಹಡಿಮನೆಯಲ್ಲಿದ್ದ ಗಿಡ ಅದೊಂದೇ. ವಿಭೂತಿ ಸಮೇತ ಎಲ್ಲ ನೀರೂ ಅದಕ್ಕೇ ಹೋಯಿತು. ಹದಿನೈದು ದಿನದಲ್ಲಿ ಎಲೆಗಳು ಹಳದಿಯಾಗಿ ಜೋತುಬಿದ್ದವು. ನಾನು ಭಕ್ತಿಯಿಂದ ಇನ್ನೊಂದು ತಂಬಿಗೆ ಹಾಕಿದೆ.

ಕೊನೆಗೆ ಓಣಿಯಲ್ಲೇ ಇದ್ದ ಮಾಲಿ ಮಹಮೂದ್ ಭಾಯಿಯನ್ನು ಕರೆದೆ. ಆತ ಕುಂಡ ಬೋರಲು ಹಾಕಿ ಮೂಸಿ ನೋಡಿದ.

"ಬೇರೆಲ್ಲಾ ಕೊಳತಾವ ಸಾಬ್. ಇದಕ್ಕ ನೀರಿಗಿಂತ ಹವಾ ಜಾಸ್ತಿ ಬೇಕು. ಎಂಟು ದಿನಕ್ಕೊಮ್ಮೆ ನೀರು ಹಾಕಿದ್ರ ಸಾಕು."

ಕಪ್ಪಗೆ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ಚೂರುಗಳ ನಡುವೆ ಕೂರಿಸಿದ. ಗಟ್ಟಿಯಾಗಿ ಉಳಿದದ್ದು ಒಂದೇ ಬೇರು.

ನೀಲಮ್ಮ ದಿನಾ ಸಂಜೆ ಫೋನಿನಲ್ಲಿ, "ಗಿಡ ಹೆಂಗದರಿ?" ಎಂದು ಕೇಳುತ್ತಿದ್ದಳು. "ಛಲೋ ಅದ," ಎನ್ನುತ್ತಿದ್ದೆ. ಬಸ್ಸು ಬೇಗ ಓಡಲಿ, ಅವಳು ಬರಲಿ ಎಂದು ಹಾರೈಸುತ್ತಿದ್ದ ನಾನೇ, ಹೊಸ ಬೇರು ಮೂಡುವ ತನಕ ಓಡದಿರಲಿ ಎಂದೂ ಬೇಡಿಕೊಳ್ಳುತ್ತಿದ್ದೆ. ಒಬ್ಬನೇ ಕೂತು ಉಣ್ಣುವುದು ಸಾಕಾಗಿ ಹೋಗಿತ್ತು. ಅದನ್ನೂ ಅವಳಿಗೆ ಹೇಳಲಿಲ್ಲ.

ಬಸ್ಸು ಓಡುವ ಮೊದಲೇ ಅವಳು ತನ್ನ ಅಣ್ಣನ ನೆಲಹಾಸು ಫರಸಿ ಕಲ್ಲಿನ ಲಾರಿ ಹತ್ತಿ ಬಂದಿಳಿದಳು. ಮಹಮೂದ್ ಭಾಯಿ ಹೇಳಿದ್ದೂ ಸೇರಿ ನಡೆದದ್ದೆಲ್ಲ ಒಪ್ಪಿಸಿದೆ. ಆಕೆ ಕುಂಡ ಎತ್ತಿ, ಆ ಒಂದು ಬೇರನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಜೀವ ಅದ. ಫೋನಿನ್ಯಾಗ ಯಾಕ ಹೇಳ್ಲಿಲ್ಲರಿ?"

"ಹೇಳಿದ್ರ ಗಿಡದ ಸಲುವಾಗಿ ಓಡಿ ಬರ್ತಿದ್ದಿ."

"ನಾ ಕೇಳಿದ್ದು ಬರೀ ಗಿಡಾನೇನು? ಬಾ ಅಂತ ಒಂದು ಮಾತು ಬರ್ಲಿಲ್ಲ ನಿಮ್ಮ ಬಾಯಿಗೆ."

ನಾಚಿಕೆಯಾಯಿತು. ನೀನಿಲ್ಲದೆ ಮನೆಯಲ್ಲಿ ಮನಸ್ಸೇ ನಿಲ್ಲಲಿಲ್ಲ ಎಂದು ಆಗಲೇ ಹೇಳಿಬಿಟ್ಟೆ. ಬಿಡುವಿತ್ತಲ್ಲ, ಮರುದಿನ ಬೆಳಿಗ್ಗೆಯೂ ಹೇಳಿದೆ, ಮಧ್ಯಾಹ್ನವೂ ಹೇಳಿದೆ. ಸಂಜೆ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಆಕೆ ರೊಟ್ಟಿ ಬಡಿಯುತ್ತಲೇ ಅಂದಳು:

"ಎಂಟು ದಿನಕ್ಕೊಮ್ಮೆ ಸಾಕ್ರಿ."