ಅರಿಶಿನದ ಅಂಕಪಟ್ಟಿಯನ್ನು ಒಲ್ಲದ ಜಾಲತಾಣಕ್ಕೆ

ಇಂದ:
ಮುನಿರಾಮಯ್ಯ, ನಿವೃತ್ತ ಪೋಸ್ಟ್‌ಮ್ಯಾನ್,
ವಿಮಾನ ನಿಲ್ದಾಣದ ಕಾಂಪೌಂಡಿನ ಆಚೆಯ ಊರು, ದೇವನಹಳ್ಳಿ ತಾಲ್ಲೂಕು.
ಬುಧವಾರ, 14 ಜೂನ್ 2017

ಗೆ:
ಪಶುಸಂಗೋಪನಾ ಡಿಪ್ಲೊಮಾ ಕಾಲೇಜಿನ ಆನ್‌ಲೈನ್ ಅರ್ಜಿ ಸ್ವೀಕರಿಸುವ ಜಾಲತಾಣದವರು,
(ವಿಳಾಸ ಪತ್ತೆಯಾಗಿಲ್ಲ.)

ಮಾನ್ಯರೇ,

ಹಗಲಿರುಳೆನ್ನದೆ, ಊಟ ತಿಂಡಿಗೂ ಏಳದೆ, ಹಬ್ಬಕ್ಕೂ ರಜೆ ಹಾಕದೆ ನಾಡಿನ ಮಕ್ಕಳ ಅರ್ಜಿಗಳನ್ನು ತಿರಸ್ಕರಿಸುವ ಸೇವೆಯಲ್ಲಿ ನಿರತರಾಗಿರುವ ತಮಗೆ, ಮೂರು ಸಲ ತಮ್ಮ ಮುಂದೆ ಕೈಮುಗಿದು ಕೂತು ಮೂರು ಸಲವೂ ಬರಿಗೈಯಲ್ಲಿ ಎದ್ದು ಬಂದ ಈ ಮುದುಕನ ಅನಂತ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮೊನ್ನೆ ಸೋಮವಾರ ಮಧ್ಯಾಹ್ನ ತಾವು ನಲವತ್ತು ನಿಮಿಷ ಬಿಳಿಚಿಕೊಂಡು ಮಾತಿಲ್ಲದೆ ನಿಂತದ್ದನ್ನು ಕಂಡು ನನಗೆ ನಿಜಕ್ಕೂ ಗಾಬರಿಯಾಗಿತ್ತು. "ಸರ್ವರ್ ಡೌನ್ ಆಗೈತೆ ತಾತ, ಸರಿಹೋಗ್ತದೆ ಕುಂತ್ಕೊಳ್ಳಿ" ಎಂದು ಸೈಬರ್ ಸೆಂಟರಿನ ರವಿಚಂದ್ರ ಹೇಳಿದ ಮೇಲೆ, ಪಾಪ, ದೊಡ್ಡವರಿಗೂ ಮೈಗೆ ಹುಷಾರು ತಪ್ಪುವುದುಂಟು ಎಂದು ಸಮಾಧಾನ ಮಾಡಿಕೊಂಡೆ.

ತಾವು ಈಗ ಮಾಡುತ್ತಿರುವ ಕೆಲಸವನ್ನು ತಮಗಿಂತ ಮೊದಲು ಈ ಸೀಮೆಯಲ್ಲಿ ಮಾಡುತ್ತಿದ್ದವನು ನಾನು. ಮೂವತ್ನಾಲ್ಕು ವರ್ಷ ಸೈಕಲ್ ತುಳಿದು ಎಂಟು ಹಳ್ಳಿಯ ಮಕ್ಕಳ ಅರ್ಜಿಗಳನ್ನು ರಿಜಿಸ್ಟರ್ಡ್ ಪೋಸ್ಟ್ ಮಾಡಿಸಿದ್ದೇನೆ. ಚಲಪತಿ ಎಂಬ ಹುಡುಗ ಕವರಿನ ಮೇಲೆ "ದೊಡ್ಡ ಕಾಲೇಜು, ಬೆಂಗಳೂರು" ಎಂದಷ್ಟೇ ಬರೆದು ಡಬ್ಬಿಗೆ ಹಾಕಿದ್ದ. ಆ ಅರ್ಜಿಯೂ ತಲುಪಿತು, ಅವನೂ ಓದಿದ, ಈಗ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ಹತ್ತು ಜನರನ್ನು ಗದರಿಸುತ್ತಿದ್ದಾನೆ. ತಮ್ಮ ಕೈಗೆ ಸಿಕ್ಕಿದ್ದರೆ ಅವನು, ಇದನ್ನು ತುಂಬಲೇಬೇಕು ಎಂದು ತಾವು ಹಾಕುವ ಕೆಂಪು ನಕ್ಷತ್ರದ ಗುರುತಿನ ಹತ್ತಿರವೇ ಬಿದ್ದು ಹೋಗುತ್ತಿದ್ದ. ನಮಗೆ ಅಂಥ ಶಿಸ್ತು ಇರಲಿಲ್ಲ, ಕ್ಷಮಿಸಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಹರ್ಷಿತ ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಕಳೆದ ವರ್ಷ ನಮ್ಮ ಹಸು ಕರು ಹಾಕಲಾರದೆ ಒದ್ದಾಡಿ, ಪಶು ಆಸ್ಪತ್ರೆಯವರು ಬರುವಷ್ಟರಲ್ಲಿ ಕಣ್ಣು ಮುಚ್ಚಿತು. ಅಷ್ಟು ಹೊತ್ತೂ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಹರ್ಷಿತ. "ಕರೆದ ತಕ್ಷಣ ಬರೋರು ಊರಿಗೊಬ್ರು ಬೇಕು ತಾತ, ನಾನೇ ಕಲಿತೀನಿ" ಎಂದು ಅಂದೇ ಹೇಳಿದ್ದಳು. ಆ ಕಲಿಕೆಯ ಇಪ್ಪತ್ತು ಸೀಟುಗಳ ಬಾಗಿಲನ್ನು ತಾವು ಕಾಯುತ್ತಿದ್ದೀರಿ, ಮತ್ತು ಬಾಗಿಲು ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ.

ತಮ್ಮ ಉದಾರತೆಯನ್ನು ಮೊದಲು ಹೊಗಳಬೇಕು. ವಿಳಾಸ ತುಂಬುವಾಗ ತಮ್ಮ ಪಟ್ಟಿಯಲ್ಲಿ ನಮ್ಮ ಊರಿನ ಹೆಸರೇ ಇರಲಿಲ್ಲ. ನಾನು ಮೂವತ್ನಾಲ್ಕು ವರ್ಷ ಕಾಗದ ಹಂಚಿದ ಊರು ಇಲ್ಲವೇ ಇಲ್ಲ ಎಂದು ತಮ್ಮಿಂದಲೇ ತಿಳಿಯಿತು. ಪಟ್ಟಿಯಲ್ಲಿದ್ದವುಗಳ ಪೈಕಿ ನಮಗೆ ಹತ್ತಿರವಾದದ್ದು ವಿಮಾನ ನಿಲ್ದಾಣ, ಆದ್ದರಿಂದ ಹರ್ಷಿತಳ ಕಾಯಂ ವಿಳಾಸ ಈಗ ಅದೇ. ಜೀವಮಾನದಲ್ಲಿ ವಿಮಾನ ಹತ್ತದ ಹುಡುಗಿಗೆ ಟರ್ಮಿನಲ್ಲಿನಲ್ಲೇ ಮನೆ ಮಾಡಿಕೊಟ್ಟ ಪುಣ್ಯಾತ್ಮರು ತಾವು.

ನಂತರ ತಾವು ಒಂದು ಗುಪ್ತ ಸಂಖ್ಯೆಯನ್ನು ನನ್ನ ಮಗ ಬೀರೇಶನ ಮೊಬೈಲಿಗೆ ಕಳಿಸಿದಿರಿ, ಹತ್ತು ನಿಮಿಷದೊಳಗೆ ಅದನ್ನು ತಿರುಗಿ ಹೇಳಬೇಕೆಂದಿರಿ. ಬೀರೇಶ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆ ಹೊರುವ ಕೆಲಸದವನು. ಕೆಲಸಕ್ಕೆ ಇಳಿಯುವ ಮುಂಚೆ ಮೊಬೈಲನ್ನು ಲಾಕರಿನಲ್ಲಿಟ್ಟರೆ ಎಂಟು ಗಂಟೆ ಕಳೆದ ಮೇಲೆಯೇ ಅದರ ಮುಖ ನೋಡುವುದು. ಹೀಗಾಗಿ ತಮ್ಮ ಹನ್ನೊಂದು ಗುಪ್ತ ಸಂಖ್ಯೆಗಳು ಬಂದೋಬಸ್ತಾಗಿ ಬೀಗದೊಳಗೆ ಬಂದು, ಅಲ್ಲೇ ಸತ್ತವು. ಕೊನೆಗೆ ಅವನ ವಾರದ ರಜೆಗಾಗಿ ಕಾದು, ನಾವೆಲ್ಲ ಒಟ್ಟಾಗಿ ಸೈಬರ್ ಸೆಂಟರಿಗೆ ಬಂದೆವು.

ಇಲ್ಲಿಂದ ಮುಂದೆ ನಡೆದದ್ದರಲ್ಲಿ ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಡುವ ಯಾವ ಕಾಗದವನ್ನೂ ನನ್ನ ಹೆಂಡತಿ ಬೈರಮ್ಮ ಬರಿದಾಗಿ ಕಳಿಸಿದವಳಲ್ಲ. ದೇವರ ಮುಂದಿಟ್ಟು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಕಣ್ಣಿಗೊತ್ತಿಕೊಂಡು ಕೊಡುತ್ತಾಳೆ. ಅಂಚೆಯ ಕಾಲದಲ್ಲಿ ಆ ಅರಿಶಿನ ಕವರಿನ ಮೇಲಿರುತ್ತಿತ್ತು. ಈಗ ಕವರೇ ಇಲ್ಲವಾದ್ದರಿಂದ ಎಲ್ಲಿಗೆ ಹಚ್ಚುವುದೆಂದು ಯೋಚಿಸಿ, ಸ್ಕ್ಯಾನ್ ಮಾಡಿಸಲು ಹೊರಟಿದ್ದ ಮೂಲ ಅಂಕಪಟ್ಟಿಗೇ ಹಚ್ಚಿಬಿಟ್ಟಳು. ನಾನೂ ಪಕ್ಕದಲ್ಲಿ ನಿಂತು ಇನ್ನೊಂದು ಮೂಲೆ ಬಿಟ್ಟುಹೋಗಿದೆ ಎಂದು ತೋರಿಸಿದೆ. ತಾವು ಅದನ್ನು ಕಂಡ ಕೂಡಲೇ "ದಾಖಲೆಯನ್ನು ತಿದ್ದಲಾಗಿದೆ" ಎಂದಿರಿ. ಎರಡು ಸೆಕೆಂಡಿನಲ್ಲಿ ನನ್ನ ಮೊಮ್ಮಗಳು ಮೋಸಗಾತಿಯಾದಳು.

ಬೈರಮ್ಮ ಕಂಗಾಲಾಗಿ ಮನೆಗೆ ಓಡಿ, ಬಟ್ಟೆಗೆ ಸೋಪು ಹಚ್ಚಿಕೊಂಡು ಮೆಲ್ಲಗೆ ಒರೆಸಿದಳು. ಅರಿಶಿನಕ್ಕೆ ಸೋಪು ತಗುಲಿದರೆ ಏನಾಗುತ್ತದೆಂದು ಅಡುಗೆಮನೆಯಲ್ಲಿ ಐವತ್ತು ವರ್ಷ ಕಳೆದ ಅವಳಿಗೆ ಗೊತ್ತಿಲ್ಲವೇ? ಗೊತ್ತಿತ್ತು, ಆದರೆ ಆ ಗಾಬರಿಯಲ್ಲಿ ನೆನಪಾಗಲಿಲ್ಲ. ನಾಲ್ಕು ಮೂಲೆಯೂ ಕೆಂಪಗಾದವು. ತಾವು ಎರಡನೆಯ ಸಲ "ದಾಖಲೆಯ ಬಣ್ಣ ಮೂಲಕ್ಕೆ ಹೊಂದುತ್ತಿಲ್ಲ" ಎಂದಿರಿ. ರವಿಚಂದ್ರ ತಲೆ ಓಡಿಸಿ, "ಗುರು, ಬ್ಲಾಕ್ ಅಂಡ್ ವೈಟ್ ಜೆರಾಕ್ಸ್ ಹಾಕ್ಬಿಡಣ, ಕೆಂಪೂ ಇಲ್ಲ ಹಳದೀನೂ ಇಲ್ಲ" ಎಂದು ಬೀರೇಶನಿಗೆ ಧೈರ್ಯ ಹೇಳಿ ಹಾಗೆಯೇ ಮಾಡಿದ. ಮೂರನೆಯ ಸಲ "ಮೂಲ ದಾಖಲೆಯನ್ನೇ ಸಲ್ಲಿಸತಕ್ಕದ್ದು" ಎಂದಿರಿ, ಕೆಳಗೆ ಸಣ್ಣ ಅಕ್ಷರದಲ್ಲಿ, ಇನ್ನು ಒಂದೇ ಅವಕಾಶವಿದೆ, ಅದೂ ತಪ್ಪಿದರೆ ಅಭ್ಯರ್ಥಿ ಮೂರು ವರ್ಷ ಅರ್ಜಿ ಹಾಕುವಂತಿಲ್ಲ ಎಂಬ ಆಶೀರ್ವಾದವನ್ನೂ ಮಾಡಿದಿರಿ.

ಎರಡನೆಯ ಪ್ರತಿಯ ಅಂಕಪಟ್ಟಿ ಪಡೆಯೋಣವೆಂದರೆ ಅದಕ್ಕೆ ನಲವತ್ತೈದು ದಿನ ಬೇಕಂತೆ. ಆ ಅರ್ಜಿಯೊಂದಿಗೆ ಮೊದಲನೆಯ ಅಂಕಪಟ್ಟಿಯ ಸ್ವಚ್ಛವಾದ ಪ್ರತಿಯನ್ನು ಲಗತ್ತಿಸಬೇಕಂತೆ. ತಮ್ಮ ಮೇಲೆಯೇ ದೂರು ಕೊಡೋಣವೆಂದು ದೂರಿನ ಪುಟ ತೆರೆದರೆ ತಾವು ಅರ್ಜಿ ಸಂಖ್ಯೆ ಕೇಳಿದಿರಿ. ಅರ್ಜಿ ಸ್ವೀಕಾರವಾದ ಮೇಲಷ್ಟೇ ಸಂಖ್ಯೆ ಸಿಗುವುದಾದ್ದರಿಂದ, ತಮ್ಮಿಂದ ಯಾವ ತೊಂದರೆಯೂ ಆಗದವರಿಗೆ ಮಾತ್ರ ದೂರು ಕೊಡುವ ಅನುಕೂಲ ಕಲ್ಪಿಸಿದ್ದೀರಿ. ತಮ್ಮ ಮೇಲೆ ಇದುವರೆಗೆ ಒಂದು ದೂರೂ ಬಂದಿಲ್ಲವೆಂದು ಕೇಳಿದ್ದೇನೆ. ಅಭಿನಂದನೆಗಳು.

ಆದಕಾರಣ ಬಹಿರಂಗವಾಗಿ ಬರೆದ ಈ ಪತ್ರವನ್ನು ಸೈಬರ್ ಸೆಂಟರಿನ ಬಾಗಿಲಿಗೂ ಪಂಚಾಯಿತಿಯ ನೋಟಿಸ್ ಬೋರ್ಡಿಗೂ ಅಂಟಿಸಿ ಕೇಳಿಕೊಳ್ಳುವುದೇನೆಂದರೆ, ತಾವು ದಯವಿಟ್ಟು ಒಂದು ದಿನದ ಮಟ್ಟಿಗೆ ನಮ್ಮ ಮನೆಗೆ ಬರಬೇಕು. ನನ್ನ ಹಳೆಯ ಸೈಕಲ್ ಕೊಡುತ್ತೇನೆ. ಖಾಕಿ ಅಂಗಿ ತಮ್ಮ ಅಳತೆಗೆ ಹೊಲಿಸೋಣ, ಭುಜ ಎಲ್ಲಿ ಬರುತ್ತದೆಂದು ತಿಳಿಸಿದರೆ ಸಾಕು. ಎಂಟು ಹಳ್ಳಿ ಸುತ್ತಿ, ಯಾವ ಮನೆಯವರು ಯಾವ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿರುತ್ತಾರೆಂದು ಕಲಿತುಕೊಳ್ಳಿ. ಆಮೇಲೆ ಶಿವಗಂಗೆಗೆ ಹೋಗಿ ಬೆಟ್ಟ ಹತ್ತಿ ಬನ್ನಿ, ಕಾಲು ನೋಯುವುದೆಂದರೇನೆಂದು ತಿಳಿಯುತ್ತದೆ. ಮುಖ್ಯವಾಗಿ ಬೈರಮ್ಮನ ಎದುರು ಐದು ನಿಮಿಷ ಕೂತು, ಇದು ನಿನ್ನ ತಪ್ಪಲ್ಲ ಎಂದು ಹೇಳಬೇಕು. ನಾವು ಹೇಳಿದರೆ ಅವಳು ಕೇಳುತ್ತಿಲ್ಲ. ಸೋಮವಾರದಿಂದ ಸರಿಯಾಗಿ ಊಟ ಮಾಡಿಲ್ಲ, "ನನ್ ಕೈಯಾರೆ ನಾನೇ ಮಗೀನ ಓದು ಕೆಡಿಸ್ಬಿಟ್ನಲ್ಲಾ" ಎಂದು ಒಂದೇ ಸಮ ಹೇಳುತ್ತಿದ್ದಾಳೆ. ಹರ್ಷಿತ ಮಾತ್ರ, "ಅಜ್ಜೀನ ಏನೂ ಅನ್ಬೇಡಿ ತಾತ, ನಂಗೇನೂ ಬೇಜಾರಿಲ್ಲ" ಎಂದು ಹೇಳಿ ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ಮರ್ಯಾದೆಯ ಭಾಷೆಯಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಇದಿಷ್ಟೂ ಆಗದಿದ್ದರೆ, ಕೆಂಪು ಮೂಲೆಗಳ ನಡುವೆ ಅಚ್ಚಾಗಿರುವ ಅಂಕಗಳನ್ನಾದರೂ ಒಮ್ಮೆ ಓದಿ ನೋಡಬೇಕೆಂದು ಪ್ರಾರ್ಥನೆ. ಒಂದು ಅಕ್ಷರವೂ ಅಳಿಸಿಲ್ಲ.

ಇನ್ನೂ ಒಂದು ಅವಕಾಶ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಮುನಿರಾಮಯ್ಯ

ತಾ.ಕ.: ಆ ನಾಲ್ಕನೆಯ ಅವಕಾಶವನ್ನು ತಮ್ಮ ಮುಂದೆ ಖರ್ಚು ಮಾಡುವುದಿಲ್ಲವೆಂದು ಮನೆಯವರೆಲ್ಲ ತೀರ್ಮಾನಿಸಿದ್ದೇವೆ. ತಾವು ವಿಳಾಸ ಕೊಡದಿದ್ದರೂ ಕಾಲೇಜಿಗೊಂದು ಕಟ್ಟಡವಿದೆ, ಅದಕ್ಕೊಂದು ಪಿನ್‌ಕೋಡ್ ಇದೆ, ಪಿನ್‌ಕೋಡ್ ಇರುವವರನ್ನು ಹುಡುಕುವುದು ನನಗೆ ಕಷ್ಟವಲ್ಲ. ಶುಕ್ರವಾರ ಮೊದಲ ಬಸ್ಸಿಗೆ ಬೈರಮ್ಮ, ಹರ್ಷಿತ ಮತ್ತು ನಾನು ಮೂಲ ಅಂಕಪಟ್ಟಿ ಹಿಡಿದು ಹೊರಡುತ್ತಿದ್ದೇವೆ. ಅದನ್ನು ಕೈಯಲ್ಲಿ ಹಿಡಿದು ನೋಡುವ ಮನುಷ್ಯರೊಬ್ಬರು ಅಲ್ಲಿ ಸಿಗುವವರೆಗೆ ಏಳುವುದಿಲ್ಲ. ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ "ಬಾಗಿಲು ಬೀಗ" ಎಂದು ಬರೆದು ಒಂದು ಕಾಗದವನ್ನೂ ವಾಪಸು ತಂದವನಲ್ಲ ನಾನು.