ಕಪ್ತಾನನ ದೋಣಿಪೂಜೆ

ಬಳ್ಳಾರಿಯ ಬಿಸಿಲಿನಲ್ಲಿ ಬೆಂದವನು ನೀರಾಳುವ ಕನಸು ಕಾಣಬಾರದೆಂದು ಯಾವ ಕಾನೂನಿದೆ? ನಮ್ಮ ಪಾರ್ವತಿನಗರದಲ್ಲಿ ಸ್ವಂತ ಕಾರು ಇರುವವರು ಬೀದಿಗೆ ಹತ್ತು ಜನ. ಸ್ವಂತ ದೋಣಿ ಇರುವವನು ನಾನೊಬ್ಬನೇ! ಗಾಳಿ ತುಂಬುವ ರಬ್ಬರ್ ದೋಣಿ ಕೊರಿಯರಿನಲ್ಲಿ ಬಂದ ದಿನವೇ ಘೋಷಿಸಿದೆ: "ಭಾನುವಾರ ಕುರುಗೋಡಿನಾಚೆ ದೊಡ್ಡ ಕೆರಿಯೊಳಗ ನಮ್ಮ ವಿಹಾರ. ದೋಣ್ಯಾಗ ನಾ ಹೇಳಿದ್ದೇ ಕಾನೂನು."

ಹೆಂಡತಿ ಶ್ರೀಕೃತಿ ಕೇಳಿದ್ದು ಒಂದೇ ಮಾತು. "ಪೂಜಿ ಮಾಡದ ಹೊಸಾ ಗಾಡಿ ಹತ್ತೋದು ಹೆಂಗ್ರೀ?"

ಪೂಜೆಗೆ ನನ್ನ ತಕರಾರಿರಲಿಲ್ಲ. ಅವಳು ಕುಂಕುಮ, ತೆಂಗಿನಕಾಯಿ, ಊದಿನಕಡ್ಡಿ, ಎರಡು ಬಾಳೆಹಣ್ಣು ಬುಟ್ಟಿಗೆ ಹಾಕಿಕೊಂಡಳು. ದಾರಿಯಲ್ಲಿ ನನಗೆ ಹಸಿವಾಯಿತು. ಕಪ್ತಾನನಿಗೇನು ಹೊಟ್ಟೆ ಇಲ್ಲವೇ? ಬಾಳೆಹಣ್ಣು ಮುಗಿಸಿದ್ದಕ್ಕೆ ಅವಳು ಕೆಕ್ಕರಿಸಿ ನೋಡಿದಳು. ಕೆರೆಯ ದಂಡೆಯಲ್ಲಿ ದೋಣಿಗೆ ಗಾಳಿ ತುಂಬಿ, ಕಾಯಿ ಒಡೆದು, ನಾನೇ ಮಂತ್ರ ಹೇಳಿದೆ. ಊದಿನಕಡ್ಡಿ ಹಚ್ಚಿ ದೋಣಿಯ ಮೂತಿಯ ಹಗ್ಗಕ್ಕೆ ಸಿಕ್ಕಿಸಿ, ಕಪ್ಪು ಕನ್ನಡಕ ಏರಿಸಿ, ಸೆಲ್ಯೂಟ್ ಹೊಡೆದು ಫೋಟೊ ತೆಗೆಸಿಕೊಂಡೆ.

"ರೀ, ಗುಡ್ಡದ ಕಡೆ ಮೋಡ ಕರ್ರಗಾಗ್ಯಾವ."

"ಫೋನಿನಾಗ ಬಿಸಿಲದ. ಹತ್ತು."

ನಡುಕೆರೆ ತಲುಪುವಷ್ಟರಲ್ಲಿ ಆ ಬಿಸಿಲು ಫೋನಿನಲ್ಲೇ ಉಳಿಯಿತು. ಗಾಳಿ ಎದ್ದು ದೋಣಿ ಬುಗುರಿಯಂತೆ ಸುತ್ತತೊಡಗಿತು. ಹವಾಮಾನಕ್ಕೆ ಒಂದು ಮಾತಿನ ಮೇಲೆ ನಿಲ್ಲುವ ಮರ್ಯಾದೆ ಬೇಡವೇ? ಸಾಲದ್ದಕ್ಕೆ ಸುಟ್ಟ ವಾಸನೆ ಬೇರೆ.

"ದಂಡಿ ಮ್ಯಾಲೆ ಯಾರೋ ಟೈರು ಸುಡ್ಲಿಕ್ಕತ್ಯಾರ," ಎಂದು ಕಿಡಿಕಾರಿದೆ. "ಕೆರೀನೂ ಬಿಡಂಗಿಲ್ಲ ಈ ಜನ."

"ವಾಸನಿ ನಮ್ಮ ಕಡೆಯಿಂದನ ಬರ್ಲಿಕ್ಕತ್ತದ."

"ಕಪ್ತಾನಗ ಎದುರು ಮಾತಾಡಬ್ಯಾಡ."

ಆಗ ಎದುರು ಮಾತಾಡಿದ್ದು ದೋಣಿ. ಪುಸ್ಸೆಂದಿತು! ಮೂತಿ ಜೋತುಬಿತ್ತು, ಮಳೆ ಸುರಿಯಿತು, ನೀರು ಒಳಗೆ ನುಗ್ಗಿತು. ಈಜು ಇಬ್ಬರಿಗೂ ಬಾರದು. ಶ್ರೀಕೃತಿ ಪೂಜೆಯ ತೆಂಗಿನಹೋಳಿನಿಂದ ನೀರು ಎತ್ತಿ ಚೆಲ್ಲುತ್ತಾ ರಾಯರನ್ನು ಕರೆದಳು. ನಾನೂ ಕರೆದೆ, ಅವಳಿಗಿಂತ ಜೋರಾಗಿ. ರಾಯರು ಮೀನು ಹಿಡಿಯುವ ಮಾರೆಣ್ಣನನ್ನು ಕಳಿಸಿದರು. ಅವನ ಹರಿಗೋಲು ಪಕ್ಕಕ್ಕೆ ಬಂದದ್ದೇ ತಡ, ನಾನೇ ಮೊದಲು ಹತ್ತಿದೆ. ಕಪ್ತಾನನಾದವನು ದಾರಿ ತೋರಿಸಬೇಕಲ್ಲ.

ಮಾರೆಣ್ಣ ನನ್ನ ಹಡಗನ್ನು ನೀರಿನಿಂದ ಎಳೆದು ಕೈಗೆ ಕೊಟ್ಟ. "ಮಡಚಿ ಕಂಕುಳಾಗ ಇಟ್ಕಳ್ರಿ ಸಾರ್. ಛತ್ರಿಗಿಂತ ಹಗರ ಐತಿ."

ಮೈಯೆಲ್ಲ ಉರಿಯಿತು. ಮನೆಗೆ ಬಂದವನೇ ಒದ್ದೆ ಬಟ್ಟೆಯಲ್ಲೇ ಕಂಪನಿಗೆ ಫೋನು ಹಚ್ಚಿದೆ. "ನೀವು ಮಾರೋದು ದೋಣಿಯೋ ಪುಗ್ಗವೋ? ಎರಡು ಜೀವ ಹೋಗ್ತಿದ್ದವು! ಕೋರ್ಟಿಗೆ ಎಳೀತೀನಿ!"

ಆ ಕಡೆಯಾಕೆ ಬಲು ಸಮಾಧಾನಿ. "ನೀರಿಗೆ ಇಳಿಸೋ ಮೊದಲಿನ ಫೋಟೊ ಕಳ್ಸಿ ಸರ್. ತಪ್ಪು ನಮ್ಮದಾದ್ರೆ ಹೊಸ ದೋಣಿ ಕೊಡ್ತೀವಿ."

"ಆ ಫೋಟೊ ತೆಗಿ," ಎಂದು ಶ್ರೀಕೃತಿಗೆ ಗರ್ಜಿಸಿದೆ.

ಅವಳು ತನ್ನ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದಳು. ಕಪ್ಪು ಕನ್ನಡಕ, ಸೆಲ್ಯೂಟ್, ಅಪಾರ ಗಾಂಭೀರ್ಯ. ಪಕ್ಕದಲ್ಲಿ ಹಗ್ಗದಿಂದ ಜಾರಿದ ಊದಿನಕಡ್ಡಿ ಕೆಂಡದ ತಲೆಯನ್ನು ರಬ್ಬರಿನ ಮೇಲಿಟ್ಟು ತಣ್ಣಗೆ ಹೊಗೆಯಾಡುತ್ತಿತ್ತು.

"ಸರ್, ದೋಣಿ ಹಾಳಾಗಿದ್ದಕ್ಕೆ ಕಾರಣ ಏನಂತ ಬರ್ಕೊಳ್ಲಿ?"

ಶ್ರೀಕೃತಿ ನನ್ನ ಕೈಯಿಂದ ಫೋನು ಕಸಿದುಕೊಂಡಳು.

"ಬರಕೋರಿ. ಊದಿನಕಡ್ಡಿ ಚುಚ್ಚಲಿಕ್ಕೆ ತಂದಿದ್ದ ಬಾಳೆಹಣ್ಣು ಕಪ್ತಾನರು ದಾರಿಯೊಳಗ ತಿಂದ್ರು."